ಬೋನಿಗೆ ಅವ್ವ ಹೊಡೆದ ಗೂಟ

ಎರಡು ವರ್ಷದ ಹಿಂದೆ, ಡಿಸೆಂಬರ್ ತಿಂಗಳ ಮೊದಲ ಬುಧವಾರ ಬೆಳಿಗ್ಗೆ, ಬಸವಕಲ್ಯಾಣ ತಾಲೂಕಿನ ಒಂದು ಕಬ್ಬಿನ ಹೊಲದ ಬದುವಿನಲ್ಲಿ ಅರಣ್ಯ ಇಲಾಖೆ ಇಟ್ಟಿದ್ದ ಬೋನು ಮಗ್ಗುಲಾಗಿ ಬಿದ್ದಿತ್ತು. ಸರಳುಗಳಿಗೆ ಚಿರತೆಯ ಕೂದಲು ಅಂಟಿತ್ತು, ಚಿರತೆ ಇರಲಿಲ್ಲ. ಆ ಬೋನಿಗೆ ಗೂಟ ಹೊಡೆದವಳು ನನ್ನ ಅವ್ವ.

ಅವ್ವನಿಗೆ ಆಗ ಅರವತ್ತೇಳು. ಕುರಿ ಕಾಯುವುದು ನಮ್ಮ ಮನೆತನದ ಕೆಲಸ. ಬೆಳೆ ಕೊಯ್ದ ಹೊಲಗಳಲ್ಲಿ ರೈತರು ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಮಂದೆ ಮಲಗಿದ ಜಾಗಕ್ಕೆ ಆ ವರ್ಷ ಬೇರೆ ಗೊಬ್ಬರ ಬೇಡ. ಸಂಜೆ ಹೊಲದ ಒಂದು ತುಂಡಿಗೆ ಸುತ್ತಲೂ ಗೂಟ ಹೊಡೆದು, ಬಲೆ ಕಟ್ಟಿ, ಮಂದೆಯನ್ನು ಒಳಗೆ ಕೂಡಬೇಕು. ಬೆಳಿಗ್ಗೆ ಗೂಟ ಕಿತ್ತು, ಬಲೆ ಸುತ್ತಿ, ಪಕ್ಕದ ತುಂಡಿಗೆ ಸರಿಯಬೇಕು. ನಮ್ಮ ಬಲೆಗೆ ಇಪ್ಪತ್ತೆಂಟು ಗೂಟ. ಮದುವೆಯಾಗಿ ಬಂದ ವರ್ಷದಿಂದ ಅವ್ವ ಈ ಕೆಲಸ ಮಾಡಿದ್ದಾಳೆ. ಅಪ್ಪ ಇದ್ದಾಗಲೂ ಬಲೆ ಕಟ್ಟುವುದು ಅಪ್ಪನದು, ಗೂಟ ಹೊಡೆಯುವುದು ಅವ್ವನದು.

ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ ಕುರಿಯ ಹಿಂದೆ ನಡೆದವರಿಗೆ ನೆಲ ಎಲ್ಲಿ ಬದಲಾಗುತ್ತದೆ ಎಂದು ಕಾಲಿಗೇ ಗೊತ್ತಾಗುತ್ತದೆ. ಕೆಳಗೆ ಕಪ್ಪು ಎರೆ ಭೂಮಿ: ತೊಗರಿ, ಜೋಳ, ನೀರಿದ್ದಲ್ಲಿ ಕಬ್ಬು. ಮೇಲೆ ಹತ್ತಿದರೆ ಕೆಂಪು ಮಡ್ಡಿ: ಎರಡು ಬೆರಳು ಮಣ್ಣು, ಅದರ ಕೆಳಗೆ ತೂತುತೂತಾದ ಕೆಂಗಲ್ಲು. ಇವೆರಡರ ನಡುವೆ ಮೊರಂ ಎಂದು ಕರೆಯುವ ಗರಸಿನ ನೆಲ, ಹಳ್ಳದ ದಂಡೆಯಲ್ಲಿ ಉಸುಕು. ಒಂದು ನೆಲದ ಗೂಟ ಇನ್ನೊಂದಕ್ಕೆ ಆಗುವುದಿಲ್ಲ. ಎರೆಗೆ ಜಾಲಿಯ ಉದ್ದ ಗೂಟ, ಮಡ್ಡಿಗೆ ಗಿಡ್ಡ ಕಬ್ಬಿಣ. ಉಸುಕಿನಲ್ಲಿ ಗೂಟದ ಬದಲು ಉಸುಕು ತುಂಬಿದ ಚೀಲವನ್ನು ಹೂತು ಅದಕ್ಕೇ ಹಗ್ಗ ಕಟ್ಟುವುದು. ಇದನ್ನೆಲ್ಲ ನಾನು ಓದಿ ತಿಳಿದದ್ದಲ್ಲ. ಹದಿನೆಂಟನೇ ವಯಸ್ಸಿನವರೆಗೆ ಆ ಗೂಟಗಳನ್ನು ಹೊತ್ತಿದ್ದೇನೆ. ಆಮೇಲೆ ಹುಮನಾಬಾದಿನಲ್ಲಿ ಪತ್ರಿಕೆಯೊಂದರ ವರದಿಗಾರನಾದೆ. ಮಂದೆಯನ್ನು ಅವ್ವ ಮತ್ತು ಅಣ್ಣ ನೋಡಿಕೊಂಡರು.

ಆ ವರ್ಷ ದೀಪಾವಳಿಯ ನಂತರ ನಮ್ಮ ಮಂದೆ ಬಸವಕಲ್ಯಾಣ ತಾಲೂಕಿನ ಆ ಕಬ್ಬಿನ ಹೊಲದ ಪಕ್ಕದಲ್ಲಿ, ಸೋಯಾ ತೆಗೆದ ಹೊಲದಲ್ಲಿ ನಿಂತಿತ್ತು. ಎರಡು ವಾರದಲ್ಲಿ ಐದು ಕುರಿ ಹೋದವು. ಕಬ್ಬಿನ ಸಾಲಿನಲ್ಲಿ ಹೆಜ್ಜೆ ಸಿಕ್ಕವು. ಊರಿನ ಕೆಲವರು ಸತ್ತ ಕುರಿಗೆ ವಿಷ ಹಾಕಿ ಇಡುವ ಮಾತಾಡಿದರು. ಅವ್ವ ಒಪ್ಪಲಿಲ್ಲ; ವಿಷ ತಿನ್ನುವುದು ಚಿರತೆಯೊಂದೇ ಅಲ್ಲ, ಊರಿನ ನಾಯಿ, ನರಿ, ಹದ್ದು ಎಲ್ಲ ತಿನ್ನುತ್ತವೆ ಎಂದಳು. ಅಣ್ಣ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟ. ಬೋನು ಬಂತು.

ಬೋನಿನ ಜೊತೆ ಬಂದ ಅರಣ್ಯ ರಕ್ಷಕಿಗೆ ಮೂವತ್ತರ ಆಸುಪಾಸು. ಮೈಸೂರು ಕಡೆಯವರು, ನಮ್ಮ ಕಡೆಗೆ ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ಬೋನು ಎಂಟು ಅಡಿ ಉದ್ದದ ಕಬ್ಬಿಣದ ಗೂಡು. ಹಿಂಬದಿಯ ಬೇರೆ ಖಾನೆಯಲ್ಲಿ ಒಂದು ಆಡು ಕಟ್ಟುತ್ತಾರೆ. ಅದಕ್ಕೆ ಚಿರತೆಯ ಉಗುರು ತಾಗುವುದಿಲ್ಲ. ಚಿರತೆ ಒಳಗೆ ಬಂದು ನೆಲದ ಹಲಗೆ ತುಳಿದರೆ ಮುಂದಿನ ಬಾಗಿಲು ತನ್ನ ಭಾರಕ್ಕೆ ತಾನೇ ಮೇಲಿನಿಂದ ಇಳಿಯುತ್ತದೆ. ಬೋನು ನೇರವಾಗಿ ನಿಂತಿರುವವರೆಗೆ ಅದು ಮುಚ್ಚಿರುತ್ತದೆ. ಆದ್ದರಿಂದ ನಾಲ್ಕು ಮೂಲೆಗೂ ಸರಪಳಿ ಹಾಕಿ ನೆಲಕ್ಕೆ ಬಿಗಿಯಬೇಕು. ಬೋನಿನ ಜೊತೆಗೆ ನಾಲ್ಕು ಕಬ್ಬಿಣದ ಸರಳುಗಳಿದ್ದವು. ಅವ್ವ ಅವುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆ ದಿನ ನಾನೂ ಅಲ್ಲಿದ್ದೆ.

"ಯವ್ವಾ, ಇವು ಗೂಟ ಏನ? ಶಾವಿಗಿ ಒಣಗ್ಸೋ ಕಡ್ಡಿ ಆಗ್ತಾವ ನೋಡು."

"ಅಜ್ಜಿ, ಇಲಾಖೆಯಿಂದ ಕೊಟ್ಟಿರೋದು ಇವೇ," ಎಂದರು ರಕ್ಷಕಿ.

"ಅಜ್ಜಿ ಯಾರಿಗಂದಿ? ನನ್ನ ಹಲ್ಲು ಎಲ್ಲಾ ಅವ. ಅವ್ವಾ ಅನ್ನು."

"ಆಯ್ತು ಅವ್ವಾ. ನಿಮ್ಮ ಗೂಟ ಹಿಡಿಯುತ್ತಾ?"

"ಐವತ್ತ ವರ್ಷ ಆತು ಹೊಡ್ಯಾಕತ್ತು. ನನ್ನ ಗೂಟ ಕಿತ್ತು ಒಂದ್ ಕುರಿ ಹೊರಗ ಹೋಗಿಲ್ಲ. ಕೇಳು ಬೇಕಾದ್ರ, ಇಂವ ಪೇಪರ್ದವ ಇದ್ದಾನ, ಸುಳ್ಳು ಬರ್ಯಂಗಿಲ್ಲ."

ನಾನು ಹೌದು ಎಂದೆ. ಅದು ನಿಜವಾಗಿತ್ತು. ಅವ್ವ ಜಾಲಿಯ ನಾಲ್ಕು ಗೂಟ ಆರಿಸಿ ಹೊಡೆದಳು. ಕಬ್ಬಿಗೆ ನೀರು ಬಿಟ್ಟು ಎರಡು ದಿನವಾಗಿತ್ತು; ಬದು ಇನ್ನೂ ಹಸಿಯಾಗಿತ್ತು. ಗೂಟ ಇಳಿದ ಮೇಲೆ ನಾನು ಮತ್ತು ರಕ್ಷಕಿ ಇಬ್ಬರೂ ಹಿಡಿದು ಎಳೆದೆವು. ಅಲುಗಲಿಲ್ಲ. ಶನಿವಾರ ಮಧ್ಯಾಹ್ನ ಬೋನು ಸಜ್ಜಾಯಿತು. ಬುಧವಾರ ಬೆಳಿಗ್ಗೆ ಅದು ಮಗ್ಗುಲಾಗಿತ್ತು.

ಅಣ್ಣ ಫೋನು ಮಾಡಿದಾಗ ನಾನು ಮಾಣಿಕನಗರದಲ್ಲಿ ಬೇರೆ ಸುದ್ದಿಯ ಮೇಲಿದ್ದೆ. ಹೊಲ ತಲುಪಿದಾಗ ಹನ್ನೊಂದು ಗಂಟೆ. ಏನಾಗಿತ್ತು ಎಂಬುದು ನೋಡಿದ ಕೂಡಲೇ ಗೊತ್ತಾಗುವಂತಿತ್ತು. ಚಿರತೆ ಒಳಗೆ ಬಂದಿದೆ, ಬಾಗಿಲು ಇಳಿದಿದೆ. ಅದು ಗೋಡೆಗೆ ಗುದ್ದಿದಾಗ ಬದುವಿನ ಮೇಲ್ಬದಿಯ ಎರಡು ಗೂಟ ಕಿತ್ತು ಬಂದಿವೆ, ಬೋನು ಇಳಿಜಾರಿನ ಕಡೆಗೆ ಉರುಳಿದೆ. ಉರುಳಿದ ಬೋನಿನ ಬಾಗಿಲು ಹಳಿಯಲ್ಲಿ ಜಾರಿ ತೆರೆದುಕೊಂಡಿದೆ. ಆಡು ಹಿಂಬದಿಯ ಖಾನೆಯಲ್ಲಿ ಹಾಗೇ ಇತ್ತು. ಗಾಯವಿರಲಿಲ್ಲ, ನಿಲ್ಲಲಾಗದಷ್ಟು ನಡುಗುತ್ತಿತ್ತು.

ಅವ್ವ ಕಿತ್ತುಬಂದ ಗೂಟದ ಕುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ನಂತರ ಇನ್ನೂ ನಿಂತಿದ್ದ ಮೂರನೆಯ ಗೂಟದ ಹತ್ತಿರ ಹೋಗಿ, ಅದರ ಪಕ್ಕಕ್ಕೆ ತೋರುಬೆರಳು ಇಳಿಸಿದಳು. ಬೆರಳು ಎರಡನೇ ಗೆಣ್ಣಿನವರೆಗೆ ಹೋಯಿತು. ನಾಲ್ಕು ದಿನದ ಬಿಸಿಲಿಗೆ ಎರೆ ಒಣಗಿ, ಗೂಟದಿಂದ ಹಿಂದೆ ಸರಿದು, ಸುತ್ತಲೂ ಸಂದು ಬಿಟ್ಟಿತ್ತು.

"ಹಸಿ ಎರಿ ಹಿಡಿತದ, ಒಣಗಿದ್ರ ಬಿಡ್ತದ. ನನಗ ಗೊತ್ತಿಲ್ಲದ ಮಾತಲ್ಲ ಇದು," ಎಂದಳು ರಕ್ಷಕಿಗೆ. "ನಾ ಮುಂಜಾನಿ ಕೀಳೋ ಗೂಟ ಹೊಡದೀನಿ."

ರಕ್ಷಕಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಕುರಿಗಾರರ ಗೂಟ ಒಂದು ಸಂಜೆಯಿಂದ ಒಂದು ಬೆಳಗಿನವರೆಗೆ ನಿಲ್ಲಬೇಕು, ಬೆಳಿಗ್ಗೆ ಎರಡೇ ಏಟಿಗೆ ಸಡಿಲವಾಗಿ ಬರಬೇಕು. ಬೇಗ ಬಾರದ ಗೂಟ ನಮ್ಮಲ್ಲಿ ಕೆಟ್ಟ ಗೂಟ. ಐವತ್ತು ವರ್ಷದಲ್ಲಿ ಅವ್ವ ಹೊಡೆದ ಯಾವ ಗೂಟವೂ ಎರಡನೇ ದಿನದ ಬಿಸಿಲು ಕಂಡಿರಲಿಲ್ಲ. ಬೋನು ಎಷ್ಟು ದಿನ ನಿಲ್ಲಬೇಕೋ ಯಾರಿಗೂ ಗೊತ್ತಿರುವುದಿಲ್ಲ. ಆ ಒಂದು ಲೆಕ್ಕ ಅವಳ ಕೈಗೆ ಬಂದಿರಲಿಲ್ಲ.

ಹೊಲದ ಮಾಲಕ ಬಂದು ಬೋನಿನ ಸುತ್ತ ಒಂದು ಸುತ್ತು ಹಾಕಿದ. ಕಬ್ಬು ಕಡಿಯುವ ತಂಡ ಮುಂದಿನ ವಾರ ಬರಬೇಕಿತ್ತು. ಚಿರತೆ ಇದೆ ಎಂದರೆ ಅವರು ಹೊಲಕ್ಕೆ ಇಳಿಯುವುದಿಲ್ಲ.

"ಅವ್ವಾ, ತಪ್ಪು ತಿಳಕೋಬ್ಯಾಡ," ಎಂದ. "ಕುರಿ ಇದ್ದಲ್ಲಿ ಅದು ಬರ್ತದ. ನೀವು ಕುರಿ ಮಂದಿ ತಗೊಂಡು ಹೋದ್ರ ಅದೂ ಹೋಗ್ತದ. ಇದೊಂದ್ ಸಲ ನನ್ನ ಹೊಲ ಬಿಡ್ರಿ."

"ಬಿಡ್ತೀವಿ ಸಾವ್ಕಾರ್ರ. ನಿಮ್ಮ ಮಾತು ಖರೇನೇ ಅದ."

ಆ ಮಧ್ಯಾಹ್ನ ಬಲೆ ಸುತ್ತುವಾಗ ಅಣ್ಣ ತನ್ನ ಮಾತು ತೆಗೆದ. ಅಣ್ಣನಿಗೂ ಐವತ್ತಾಗಿದೆ, ಮೊಣಕಾಲು ನೋವು. ಮಂದೆ ಮಾರಿ, ಇರುವ ಎರಡು ಎಕರೆ ನೋಡಿಕೊಳ್ಳೋಣ ಎಂದು ಮೂರು ವರ್ಷದಿಂದ ಹೇಳುತ್ತಿದ್ದ. ಅವ್ವ ಪ್ರತಿ ಸಲವೂ ಮಾತು ಹಾರಿಸುತ್ತಿದ್ದಳು. ಈ ಸಲ ಅವನು ಬಿಡಲಿಲ್ಲ.

"ಐದು ಕುರಿ ಹೋದವು. ಇನ್ನ ಎಷ್ಟು ಹೋಗ್ಲಿ ಅಂತಿ? ಎಳ್ಳ ಅಮಾಸಿಗೆ ಮಾರಿ ಬಿಡೂಣು."

ಅವ್ವ ಬಲೆಯ ಗಂಟು ಬಿಚ್ಚುತ್ತಲೇ ಇದ್ದಳು. "ಎಳ್ಳ ಅಮಾಸಿ ತನಾ ಟೈಂ ಕೊಡು. ಅದರೊಳಗ ಪ್ರಾಣಿ ಸಿಕ್ರ ಕುರಿ ಮಂದಿ ಇರ್ತದ. ಸಿಗಲಿಲ್ಲಂದ್ರ ನಾನೇ ಹಗ್ಗ ಬಿಚ್ಚಿ ಕೊಡ್ತೀನಿ."

"ತಮ್ಮಾ, ಕೇಳಿದಿಲ್ಲೋ?" ಅಣ್ಣ ನನ್ನತ್ತ ತಿರುಗಿದ. "ನಾಳಿ ಹಂಗಂದಿಲ್ಲ ಅಂತಾಳ."

"ಇಂವಗ ಯಾಕ ಸಾಕ್ಷಿ ಕೇಳ್ತಿ? ನಾ ಎಂದರ ಮಾತ ತಪ್ಪಿನೇನು?"

ಮನೆಯವರೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಹಬ್ಬವಾದ ಎಳ್ಳ ಅಮವಾಸ್ಯೆಗೆ ಮೂರು ವಾರದ ಮೇಲೆ ಎರಡು ದಿನ ಉಳಿದಿತ್ತು.

ಆ ದಿನದ ಸುದ್ದಿ ನಾನು ಬರೆಯಲಿಲ್ಲ. ಕಚೇರಿಗೆ ಫೋನು ಮಾಡಿ, ಗೂಟ ಹೊಡೆದವರು ನನ್ನ ತಾಯಿ, ಇದನ್ನು ಬೇರೆಯವರು ಬರೆಯಲಿ ಎಂದೆ. ಬಸವಕಲ್ಯಾಣದ ವರದಿಗಾರ ಬರೆದ. ಜಿಲ್ಲಾ ಪುಟದಲ್ಲಿ ಆರು ಸಾಲು ಬಂತು. ಮಂದೆಯ ಹತ್ತಿರ ಹೋದಾಗ ಅವ್ವ ಅದನ್ನು ನನ್ನಿಂದ ಓದಿಸಿದಳು.

"'ಸ್ಥಳೀಯರು ಅಳವಡಿಸಿದ್ದ ಗೂಟಗಳು ಸಡಿಲಗೊಂಡು' ಅಂತ ಅದ," ಎಂದೆ.

"ಸ್ಥಳೀಯರು ಅಂದ್ರ ಯಾರು?"

"ಅಲ್ಲಿ ಇದ್ದವ್ರು."

"ಅಲ್ಲಿ ಇದ್ದವ್ರು ಎಲ್ಲಾರ ತಲಿ ಮ್ಯಾಲ ಯಾಕ ಹೊರಸ್ಯಾನ? ನಾ ಹೊಡದೀನಿ. ಅವನಿಗಿ ನನ್ನ ಹೆಸರ ಗೊತ್ತಿಲ್ಲಂದ್ರ ಬಂದು ಕೇಳಬೇಕಿತ್ತು."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸುದ್ದಿ ಬರೆದಿದ್ದೇನೆ. ತಪ್ಪಿನ ಸುದ್ದಿಯಲ್ಲಿ ತನ್ನ ಹೆಸರು ಬಿಟ್ಟುಹೋಗಿದೆ ಎಂದು ದೂರಿದವರನ್ನು ಅವ್ವನ ಹೊರತು ನಾನು ಕಂಡಿಲ್ಲ. ಇಲಾಖೆಯ ವರದಿಯಲ್ಲಿ ರಕ್ಷಕಿ ಗೂಟ ಪರೀಕ್ಷಿಸಿದವಳು ತಾನು ಎಂದು ಬರೆದದ್ದು ನನಗೆ ಆಮೇಲೆ ಗೊತ್ತಾಯಿತು.

ಮಂದೆ ಎರೆ ಭೂಮಿ ಬಿಟ್ಟು ಮೇಲೆ ಹತ್ತಿತು. ಎರಡು ದಿನ ನಡೆದು ಹುಮನಾಬಾದ್ ಕಡೆಯ ಒಂದು ಮಡ್ಡಿಗೆ ಬಂದು ನಿಂತಿತು. ಮಾಲಕ ಹೇಳಿದ್ದು ಸುಳ್ಳಾಗಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಹಳ್ಳದ ಉಸುಕಿನಲ್ಲಿ ಅದೇ ಅಗಲದ ಹೆಜ್ಜೆ ಕಂಡವು. ಮರುದಿನ ಸಂಜೆ ಬಿಸಿಲು ಇರುವಾಗಲೇ ಒಂದು ಮರಿ ಹೋಯಿತು. ರಕ್ಷಕಿ ಬಂದು ಹೆಜ್ಜೆ ಅಳೆದರು, ಬೋನು ಮತ್ತೆ ತರಿಸಲು ಅನುಮತಿ ಕೇಳಿದರು. ಅನುಮತಿ ಸಿಕ್ಕ ದಿನ ಅಮವಾಸ್ಯೆಗೆ ಒಂಬತ್ತು ದಿನ ಇತ್ತು.

ಬೋನು ನಾಳೆ ಬರುತ್ತದೆ ಎಂದು ಹೇಳಲು ಅವರು ಬಂದಾಗ ಅವ್ವ ಹಾರೆ ಹಿಡಿದು ಮಡ್ಡಿಯ ಮೇಲೆ ಓಡಾಡುತ್ತಿದ್ದಳು. ಚಿರತೆ ಹಳ್ಳದಿಂದ ಹತ್ತಿ ಬರುವ ದಾರಿ ಒಂದೇ. ಎರಡು ಬಂಡೆಗಳ ನಡುವೆ, ಕವಳಿ ಗಿಡಗಳ ಪಕ್ಕದಲ್ಲಿ. ಅಲ್ಲಿ ಅವ್ವ ಹಾರೆಯನ್ನು ಕುಟ್ಟುತ್ತ, ಪ್ರತಿ ಏಟಿಗೂ ನಿಂತು ಕೇಳುತ್ತಿದ್ದಳು.

"ನಾಳಿ ಬೋನು ತರಬ್ಯಾಡ," ಎಂದಳು. "ಮೊದ್ಲು ಗೂಟ. ಗೂಟ ಹೊಡೆದು ಮೂರು ದಿನ ಖಾಲಿ ಬಿಡ್ತೀನಿ. ಮೂರು ದಿನ ಬಿಸಲು, ಮೂರು ದಿನ ಥಂಡಿ ಉಣ್ಲಿ. ಆಮ್ಯಾಲ ಸರಪಳಿ."

ಅಣ್ಣನಿಗೆ ಇದು ಹಿಡಿಸಲಿಲ್ಲ. ಮಂದೆ ಮಾರಬೇಕೆಂದವನು ಅವನೇ. ಆದರೂ ಅವ್ವನ ಗಡುವಿನ ಒಂದೊಂದು ದಿನವನ್ನೂ ಅವಳಿಗಿಂತ ಹೆಚ್ಚು ಎಣಿಸಿದವನೂ ಅವನೇ.

"ಇರೋದು ಒಂಬತ್ತು ದಿನ. ಅದರಾಗ ಮೂರು ದಿನ ಗೂಟ ಕಾಯ್ತಿ ಏನು?"

"ನಿನಗ ಯಾಕ ಅವಸರ? ಮಾರಾವ ನೀನಲ್ಲ?"

ಅಣ್ಣ ಬೇರೆ ಕಡೆ ನೋಡಿದ. ರಕ್ಷಕಿ ನಕ್ಕರು. ಗೂಟ ಹೊಡೆದ ದಿನದಿಂದ ನಾಲ್ಕನೇ ದಿನಕ್ಕೆ ಬೋನು ತರಿಸುವುದಾಗಿ ಹೇಳಿದರು.

ಮಡ್ಡಿಯ ಕೆಂಗಲ್ಲಿಗೆ ಮರದ ಗೂಟ ನಡೆಯುವುದಿಲ್ಲ, ತಲೆ ಒಡೆಯುತ್ತದೆ. ನಮ್ಮ ಬಲೆಯ ಗಿಡ್ಡ ಕಬ್ಬಿಣದ ಗೂಟ ಒಂದು ಬೆಳಗಿನ ಮಟ್ಟಿಗೆ ಸರಿ. ಹೊಸದನ್ನು ಮಾಡಿಸಬೇಕಿತ್ತು. ಮರುದಿನ ಅವ್ವನನ್ನು ನನ್ನ ಬೈಕಿನ ಮೇಲೆ ಕೂರಿಸಿಕೊಂಡು ಹುಮನಾಬಾದಿಗೆ ಕರೆದುಕೊಂಡು ಬಂದೆ. ನಮ್ಮ ಗೂಟ, ಕಳೆ ತೆಗೆಯುವ ಕುರುಪಿ, ಕುರಿ ಕತ್ತರಿ ಎಲ್ಲವನ್ನೂ ಅಪ್ಪನ ಕಾಲದಿಂದ ಮಾಡಿಕೊಡುವ ಕಮ್ಮಾರರೊಬ್ಬರು ಹಳೆಯ ಬಸ್ ನಿಲ್ದಾಣದ ಹಿಂದೆ ಇದ್ದಾರೆ. ಅವ್ವ ಕೈ ಚಾಚಿ ಬೆರಳ ತುದಿಯಿಂದ ಭುಜದವರೆಗೆ ಉದ್ದ ತೋರಿಸಿದಳು.

"ಇಷ್ಟುದ್ದ ಬೇಕು ಭಾಯಿ. ಮೂರು. ತಲ್ಯಾಗ ಉಂಗುರ ಇರ್ಬೇಕು, ಸರಪಳಿ ಹಾಕಾಕ."

"ಇಷ್ಟುದ್ದ?" ಅವರು ತಿದಿ ನಿಲ್ಲಿಸಿ ಅವಳನ್ನು ನೋಡಿದರು. "ಅಕ್ಕಾ, ಕುರಿ ಬಿಟ್ಟು ಆನಿ ಸಾಕಾಕತ್ತೀರಿ ಏನ್ರಿ?"

"ಆನಿಗಾದ್ರ ಹಗ್ಗ ಸಾಕಿತ್ತು. ಇದು ಚಿರತಿಗಿ."

"ಅರೆ, ಮೊನ್ನಿ ಓಡಿ ಹೋಯ್ತಲ್ಲ, ಅದಕ್ಕ? ಪೇಪರ್ನಾಗ ಬಂದಿತ್ತು. ಯಾವನೋ ಸರಿ ಗೂಟ ಹೊಡದಿಲ್ಲಂತ."

"ಯಾವನೋ ಅಲ್ಲ. ನಾನೇ."

ಕಮ್ಮಾರರು ಕೈ ಒರೆಸಿಕೊಂಡು ಎದ್ದರು. ಆಮೇಲೆ ಮೂಲೆಯಿಂದ ಲಾರಿಯ ಹಳೆಯ ಆಕ್ಸಲ್ ಒಂದನ್ನು ಎಳೆದು ತಂದರು. "ಸಾದಾ ಸರಳು ಬ್ಯಾಡ ಅಕ್ಕಾ. ಇದರಾಗ ಮಾಡ್ತೀನಿ. ಇದು ಬಗ್ಗಂಗಿಲ್ಲ, ಮಜಬೂತ ಅದ." ಸಂಜೆಯ ಹೊತ್ತಿಗೆ ಮೂರೂ ಸಿದ್ಧವಾಗಿದ್ದವು.

ಮೂರು ಏಕೆ, ನಾಲ್ಕು ಮೂಲೆಗೆ ನಾಲ್ಕು ಬೇಡವೇ ಎಂದು ನಾನು ದಾರಿಯಲ್ಲಿ ಕೇಳಿದೆ. ನಾಲ್ಕನೇ ಮೂಲೆಯಲ್ಲಿ ಕಲ್ಲು ಇಲ್ಲ ಎಂದಳು. ಹಾರೆ ಕುಟ್ಟಿದಾಗ ಮೂರು ಕಡೆ ಟಣ್ ಎಂದು ಗಟ್ಟಿ ದನಿ ಬಂದಿತ್ತಂತೆ, ಒಂದು ಕಡೆ ಡಬ್ ಎಂದು. ಎಂದೋ ಯಾರೋ ಮೊರಂ ಅಗೆದೊಯ್ದ ಗುಂಡಿ ಅದು. ಮಳೆಗೆ ಮಣ್ಣು ತುಂಬಿಕೊಂಡು, ಮೇಲೆ ಹುಲ್ಲು ಬೆಳೆದು, ಕಣ್ಣಿಗೆ ಉಳಿದ ಮಡ್ಡಿಯಂತೆಯೇ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ರಕ್ಷಕಿಯೂ ಬಂದಿದ್ದರು, ಈ ಸಲ ಎಳೆದು ನೋಡುವುದಷ್ಟೇ ಅಲ್ಲ, ಹೊಡೆಯುವುದನ್ನೂ ಕಲಿಯುತ್ತೇನೆ ಎಂದರು. ಅವ್ವ ಹಾರೆಯಿಂದ ಕಲ್ಲಿನಲ್ಲಿ ಕಂಡಿ ಕೊರೆಯುವುದನ್ನು ತೋರಿಸಿದಳು. ಕೆಂಗಲ್ಲಿನ ಮೇಲ್ಮೈ ಗಟ್ಟಿ, ಒಂದು ಗೇಣು ಇಳಿದರೆ ಮೆತ್ತಗೆ. ಮೇಲಿನ ಗಟ್ಟಿ ಪದರದಲ್ಲಿ ಕಂಡಿ ದೊಡ್ಡದಾದರೆ ಗೂಟ ಜೀವಮಾನವಿಡೀ ಅಲ್ಲಾಡುತ್ತದೆ. ಆದ್ದರಿಂದ ಕಂಡಿ ಗೂಟಕ್ಕಿಂತ ಸಣ್ಣದಿರಬೇಕು, ಉಳಿದದ್ದನ್ನು ಗೂಟವೇ ಸುತ್ತಿಗೆಯ ಏಟಿಗೆ ಸೀಳಿಕೊಳ್ಳಬೇಕು. ಗೂಟದ ಮೊನೆ ಬೋನಿನ ಕಡೆಗೆ, ತಲೆ ಆಚೆಗೆ ವಾಲಿರಬೇಕು.

"ಆಚೆಗೆ ಯಾಕೆ ವಾಲಿಸ್ತೀರಿ ಅವ್ವಾ? ನೇರ ಇದ್ರೆ ಗಟ್ಟಿ ಅಲ್ವಾ?"

"ನಿನ್ನ ಕೈ ಹಿಡಿದು ಯಾರರೆ ಎಳದ್ರ ನೀ ನೆಟ್ಟಗ ನಿಲ್ತಿಯೋ, ಹಿಂದಕ್ಕ ವಾಲ್ತಿಯೋ?"

ರಕ್ಷಕಿ ಸುತ್ತಿಗೆ ತೆಗೆದುಕೊಂಡರು. ಮೊದಲ ಐದಾರು ಏಟು ಗೂಟದ ತಲೆಗೆ ಓರೆಯಾಗಿ ಬಿದ್ದವು.

"ಯವ್ವಾ, ಗೂಟಕ್ಕ ಬೈಯ್ಯಾಕತ್ತಿಯೋ, ಹೊಡ್ಯಾಕತ್ತಿಯೋ?" ಎಂದಳು ಅವ್ವ. ಮೂರನೇ ಗೂಟದ ಹೊತ್ತಿಗೆ ಏಟು ನೇರ ಬೀಳತೊಡಗಿತ್ತು. ಗೂಟ ಇಳಿದ ಮೇಲೆ ಅದರ ಸುತ್ತ ಉಳಿದ ಕೂದಲೆಳೆಯ ಸಂದಿಗೆ ಕಲ್ಲಿನ ಚೂರು ತುಂಬಿ, ಕಂಡಿಯಿಂದ ಬಂದ ಕೆಂಪು ಪುಡಿಯನ್ನು ನೀರಿನಲ್ಲಿ ಕಲಸಿ ಮೆತ್ತಿದರು.

ನಾಲ್ಕನೇ ಮೂಲೆಗೆ ಹೆಚ್ಚು ಸಮಯ ಹಿಡಿಯಿತು. ಬೋನನ್ನು ನಾಲ್ಕು ಹೆಜ್ಜೆ ಸರಿಸಿದರೆ ಅಲ್ಲೂ ಕಲ್ಲು ಸಿಗುತ್ತದಲ್ಲ ಎಂದು ರಕ್ಷಕಿ ಕೇಳಿದರು. ನಮಗೆ ಅನುಕೂಲ ಎಂದು ಚಿರತೆ ದಾರಿ ಸರಿಸುವುದಿಲ್ಲ ಎಂದು ಅವ್ವ ಹೇಳಿದಳು. ಅಣ್ಣ ಮತ್ತು ನಾನು ಗುಂಡಿಯನ್ನು ಸೊಂಟದ ಆಳಕ್ಕೆ ಅಗೆದೆವು. ತೊಡೆಯಷ್ಟು ದಪ್ಪದ ಜಾಲಿಯ ಕೊರಡೊಂದನ್ನು ತಳದಲ್ಲಿ ಅಡ್ಡ ಮಲಗಿಸಿ, ನಡುವಿಗೆ ಸರಪಳಿ ಸುತ್ತಿ, ಅದರ ತುದಿಯನ್ನು ಮಾತ್ರ ಒಂದು ಕಿರಿದಾದ ಸೀಳಿನಲ್ಲಿ ಬೋನಿನ ಕಡೆಗೆ ಮೇಲೆ ತಂದೆವು. ಮಣ್ಣನ್ನು ಒಮ್ಮೆಲೇ ತುಂಬಲು ಅವ್ವ ಬಿಡಲಿಲ್ಲ. ಒಂದು ಗೇಣು ಮಣ್ಣು, ನಾಲ್ಕು ತಂಬಿಗೆ ನೀರು, ಹಾರೆಯ ಬುಡದಿಂದ ಕುಟ್ಟುವುದು. ಮತ್ತೆ ಒಂದು ಗೇಣು. ಅಣ್ಣ ಕೊನೆಯ ಪದರ ಕುಟ್ಟುವಾಗ ಮೊಣಕಾಲು ಹಿಡಿದು ಕೂತ, ಎದ್ದು ಮತ್ತೆ ಕುಟ್ಟಿದ. ಮಾರಾಟದ ಮಾತು ಆ ದಿನ ಅವನು ಎತ್ತಲಿಲ್ಲ.

ಆಮೇಲಿನ ಮೂರು ದಿನ ಪರೀಕ್ಷೆ. ಅವ್ವ ಪ್ರತಿ ಗೂಟದ ಬುಡಕ್ಕೂ ಜೋಳದ ದಂಟಿನ ಸಿಬಿರು ಒತ್ತಿ ನೋಡುತ್ತಿದ್ದಳು. ಸಿಬಿರು ಇಳಿದರೆ ಸಂದು ಬಿಟ್ಟಿದೆ ಎಂದು ಲೆಕ್ಕ. ಬೆಳಿಗ್ಗೆ ಮಂದೆ ಮೇಯಲು ಹೊರಟಾಗ ಮಂದೆಯ ದೊಡ್ಡ ಟಗರನ್ನು ಒಂದು ಸರಪಳಿಗೆ ಕಟ್ಟಿ ಹಿಂದೆ ಬಿಡುತ್ತಿದ್ದಳು. ಮಂದೆ ಕಣ್ಮರೆಯಾಗುವುದನ್ನು ಟಗರು ಸಹಿಸುವುದಿಲ್ಲ. ಅದು ಹಿಂದೆ ಸರಿದು, ಓಡಿ, ಸರಪಳಿಯ ತುದಿಗೆ ಬಂದು ಜಗ್ಗುತ್ತಿತ್ತು. ಅರ್ಧ ಗಂಟೆ ಬಿಡದೆ ಜಗ್ಗುತ್ತಿತ್ತು. ಹೀಗೆ ನಾಲ್ಕು ಮೂಲೆಗೂ ಸರದಿಯ ಮೇಲೆ ಕಟ್ಟಿದಳು. ಮೊದಲ ದಿನದ ಕೊನೆಗೆ ಎರಡನೇ ಗೂಟದ ಬುಡದಲ್ಲಿ ಸಿಬಿರು ಒಂದು ಉಗುರಿನಷ್ಟು ಇಳಿಯಿತು. ಅವ್ವ ಗೂಟವನ್ನು ಮತ್ತೆ ಹತ್ತು ಏಟು ಇಳಿಸಿ, ಹೊಸ ಚೂರು ತುಂಬಿದಳು. ಆ ಗೂಟಕ್ಕೆ ಮಾತ್ರ ಮೂರು ದಿನವನ್ನು ಮತ್ತೆ ಮೊದಲಿನಿಂದ ಎಣಿಸಿದಳು.

ಹಾಗಾಗಿ ಬೋನು ಇನ್ನೂ ಒಂದು ದಿನ ತಡವಾಯಿತು. ಆ ಸಂಜೆ ಅಣ್ಣ ನನಗೆ ಫೋನು ಮಾಡಿದ.

"ತಮ್ಮಾ, ನೀನರೆ ಹೇಳು ಅಕಿಗಿ. ದಿನ ಹೋಗಾಕತ್ತಾವ. ಮೂರು ಗೂಟ ಬಿಲ್ಕುಲ್ ಅಲಗಂಗಿಲ್ಲ."

"ನೀ ಯಾಕ ಹೇಳವಲ್ಲಿ?"

"ಹೇಳ್ದೆ. ಹೋದ ಸಲ ಎರಡು ಗೂಟ ನಿಂತಿದ್ವು, ಎರಡು ಬಂದ್ವು ಅಂತಾಳ."

ಅಮವಾಸ್ಯೆಗೆ ಮೂರು ದಿನ ಇರುವಾಗ, ಸಂಜೆ, ಬೋನು ಬಂತು. ಸರಪಳಿಗಳನ್ನು ಬಿಗಿದ ಮೇಲೆ ಅವ್ವ ರಕ್ಷಕಿಯನ್ನು ಬೋನಿನ ಮೇಲೆ ಹತ್ತಿಸಿ ಕುಣಿಯಲು ಹೇಳಿದಳು. ಅವರು ಸಮವಸ್ತ್ರದಲ್ಲಿದ್ದರು, ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೂಟು ಕಾಲಿನಲ್ಲಿ ನಾಲ್ಕು ಸಲ ಹಾರಿದರು. ಬೋನು ಕಟಕ್ ಎನ್ನಲಿಲ್ಲ. ಬೋನು ಅಲುಗಿದರೆ ಚಿರತೆ ಮುಂಗಾಲು ಇಟ್ಟು ಹಿಂದೆ ತೆಗೆಯುತ್ತದೆ ಎಂದು ಅವರ ಮೇಲಿನವರು ಹೇಳಿದ್ದರಂತೆ. ಅಲುಗದ ಬೋನು ತಮಗೆ ಇದೇ ಮೊದಲು ಎಂದರು.

ಎರಡು ದಿನದ ನಂತರ, ಬೆಳಿಗ್ಗೆ ಏಳೂವರೆಗೆ, ರಕ್ಷಕಿಯ ಫೋನು ಬಂತು. "ಸಿಕ್ಕಿದೆ. ಹೆಣ್ಣು. ಗಾಯ ಇಲ್ಲ. ಬೋನು ಒಂದು ಬೆರಳೂ ಸರಿದಿಲ್ಲ ಅಂತ ಅವ್ವಂಗೆ ನಾನೇ ಹೇಳಿದೆ, ನಂಬದೆ ನೋಡೋಕೆ ಬರ್ತಿದ್ದಾರೆ."

ನಾನು ಹೋದಾಗ ಬೋನಿಗೆ ತಾಡಪಾಲು ಹೊದಿಸಿದ್ದರು. ಒಳಗಿನಿಂದ ಆಗಾಗ ಗುದ್ದಿದ ಸದ್ದು ಬರುತ್ತಿತ್ತು. ಜನ ದೂರದಲ್ಲಿ ನಿಂತು ತಾಡಪಾಲಿನ ಅಂಚು ಯಾವಾಗ ಎತ್ತುತ್ತಾರೆ ಎಂದು ಕಾಯುತ್ತಿದ್ದರು. ಅವ್ವ ಇಲಾಖೆಯವರ ಒಪ್ಪಿಗೆ ಕೇಳಿ ಒಬ್ಬಳೇ ಬೋನಿನ ಹತ್ತಿರ ಹೋದಳು. ಮೊದಲ ಗೂಟ, ಎರಡನೆಯದು, ಮೂರನೆಯದು. ಪ್ರತಿಯೊಂದರ ಬುಡಕ್ಕೂ ಸಿಬಿರು ಒತ್ತಿದಳು. ನಾಲ್ಕನೆಯ ಸರಪಳಿಯನ್ನು ಕೈಯಿಂದ ಎಳೆದು ನೋಡಿದಳು. ವಾಪಸ್ ಬಂದು ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ನಿಂತಾವ." ಚಿರತೆ ನೋಡಿದೆಯಾ ಎಂದು ಯಾರೋ ಕೇಳಿದರು. ಅದನ್ನು ನೋಡುವುದು ಮರೆತೆ ಎಂದಳು.

ಪಶುವೈದ್ಯರು ಬಂದರು, ಲಾರಿ ಬಂತು. ಬೋನನ್ನು ಎತ್ತುವಾಗ ಇಲಾಖೆಯವರಿಗೆ ಒಂದು ತೊಂದರೆ ಆಯಿತು. ಸರಪಳಿಗಳನ್ನು ಬಿಚ್ಚಿದರು, ಗೂಟಗಳು ಬರಲಿಲ್ಲ. ಐದು ಜನ ಹಾರೆ ಹಾಕಿ ಮೀಟಿದರು.

"ಅವ್ವಾ, ಇವನ್ನ ಹೇಗೆ ತೆಗೀಬೇಕು?" ಎಂದು ರಕ್ಷಕಿ ಕೂಗಿ ಕೇಳಿದರು.

"ಹೊಡ್ಯಾದು ಕಲಿಸ್ರಿ ಅಂದಿದ್ದಿ, ಕಲಿಸೀನಿ. ಕೀಳಾದು ನನಗೂ ಗೊತ್ತಿಲ್ಲ."

ಎಲ್ಲರಿಗಿಂತ ಮೊದಲು ನಕ್ಕವನು ಅಣ್ಣ.

ಆ ಸುದ್ದಿಯನ್ನೂ ನಾನು ಬರೆಯಲಿಲ್ಲ. ಹುಮನಾಬಾದಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ವರದಿಗಾರನಿಗೆ ವಿವರ ಕೊಟ್ಟೆ. ಗೂಟ ಹೊಡೆದವರ ಹೆಸರು ಮತ್ತು ವಯಸ್ಸು ಸರಿಯಾಗಿ ಹೋಗಲಿ ಎಂದು ಮಾತ್ರ ಕೇಳಿಕೊಂಡೆ. ಅವನು ಎರಡೂ ಸರಿಯಾಗಿ ಬರೆದ. ಚಿರತೆಯನ್ನು ಇಲಾಖೆ ದೂರದ ಕಾಡಿಗೆ ಬಿಟ್ಟಿತು.

ಎಳ್ಳ ಅಮವಾಸ್ಯೆಯ ದಿನ ಮನೆಯವರೆಲ್ಲ ಮಡ್ಡಿಗೆ ಹೋದೆವು. ಅತ್ತಿಗೆ ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಗಡಿಗೆಯಲ್ಲಿ ಅಂಬಲಿ ತಂದಿದ್ದಳು. ಊಟ ಅರ್ಧವಾದಾಗ ಅಣ್ಣ, ಯಾರೂ ಕೇಳದೆಯೇ, ಬಲೆ ಎರಡು ಕಡೆ ಹರಿದಿದೆ, ಹೊಸದು ನೇಯಿಸಬೇಕು ಎಂದ.

"ಮಾರೋ ಕುರಿಗಿ ಹೊಸ ಬಲೆ ಯಾಕ?" ಎಂದಳು ಅವ್ವ.

"ಉಣ್ಣು, ಸುಮ್ಮನ ಉಣ್ಣು," ಎಂದ ಅಣ್ಣ.

ಹೋದ ವರ್ಷ ಮಳೆಗಾಲದ ನಂತರ ಎರೆ ಭೂಮಿಯ ಇನ್ನೊಂದು ಊರಿನಲ್ಲಿ ಇಲಾಖೆ ಬೋನು ಇಡಬೇಕಾಯಿತು. ರಕ್ಷಕಿ ಜೀಪು ತಂದು ಅವ್ವನನ್ನು ಕರೆದೊಯ್ದರು. ಎರೆಯಲ್ಲಿ ಈ ಸಲ ಅವ್ವ ಒಂದೂ ಗೂಟ ಹೊಡೆಯಲಿಲ್ಲ. ನಾಲ್ಕು ಮೂಲೆಗೂ ಕೊರಡು ಹೂಳಿಸಿದಳು, ಬಿರುಕು ಹೋಗದಷ್ಟು ಆಳಕ್ಕೆ. ಕೊರಡು ಎಷ್ಟು ಕೆಳಗೆ ಇರಬೇಕೆಂದು ತಿಳಿಯಲು ಪಕ್ಕದ ಹೊಲದ ಬಿರುಕಿನಲ್ಲಿ ತೊಗರಿ ಕಟ್ಟಿಗೆ ಇಳಿಸಿ ಅಳೆದಳಂತೆ. ಬೋನು ಅಲುಗದೆ ಹನ್ನೊಂದು ದಿನ ನಿಂತಿತ್ತು, ಇದೂ ವಾಲುತ್ತದೆ ಎಂದು ನೋಡಲು ಕಾದ ಊರವರು ಬೇಸತ್ತು ಮನೆಗೆ ಹೋದರು ಎಂದು ರಕ್ಷಕಿ ನನಗೆ ಹೇಳಿದರು. ಈಗ ಬೇರೆ ಅರಣ್ಯ ಗಸ್ತುಗಳ ಸಿಬ್ಬಂದಿಗೂ ಅವರು ನೆಲ ನೋಡುವುದನ್ನು ಹೇಳಿಕೊಡುತ್ತಾರೆ. ಹಾರೆ ಕುಟ್ಟಿ, ಕೇಳಿ, ಮೂರು ದಿನ ಕಾಯಿಸಿ. ಟಗರು ಸಿಗದ ಕಡೆ ಸಿಬ್ಬಂದಿಯೇ ಜಗ್ಗುತ್ತಾರಂತೆ.

ಈ ವಾರ ಮಂದೆ ಕೊಡಂಬಲದ ಹತ್ತಿರ ತೊಗರಿ ಕೊಯ್ದ ಹೊಲದಲ್ಲಿ ನಿಂತಿದೆ. ಎಪ್ಪತ್ತೊಂದು ಕುರಿ, ಸೋಮವಾರ ಹುಟ್ಟಿದ ಎರಡು ಮರಿ.